ವಚನವೂ ಶಾಸ್ತ್ರವಾದಾಗ

ಶೂನ್ಯಸಂಪಾದನೆಯ ಮಹಾಪ್ರಸಂಗಗಳ ನಡುವೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗ ಅಷ್ಟೇನೂ ದೊಡ್ಡದಲ್ಲ. ಅಲ್ಲಮಪ್ರಭು, ಸಿದ್ಧರಾಮರ ವಾಗ್ವಾದದ ಬಿಸಿಯಾಗಲಿ, ಮಹಾದೇವಿಯಕ್ಕನ ಪರೀಕ್ಷೆಯ ನಿಷ್ಠುರತೆಯಾಗಲಿ ಇದರಲ್ಲಿಲ್ಲ. ಇರುವುದು ಅಂಗಳದಲ್ಲಿ ಚೆಲ್ಲಿದ ಅಕ್ಕಿ ಮತ್ತು ಅದರ ಸುತ್ತ ನಡೆಯುವ ಗಂಡಹೆಂಡಿರ ಮಾತು. ಆದರೂ ಪವಿತ್ರವೆಂದು ಮನ್ನಿಸಿದ ವಾಕ್ಯವನ್ನು ಹೇಗೆ ಓದಬೇಕು, ಅದನ್ನು ವಿಧಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಈ ಸಣ್ಣ ಪ್ರಸಂಗ ಮುಟ್ಟುವಷ್ಟು ನೇರವಾಗಿ ದೊಡ್ಡ ಪ್ರಸಂಗಗಳು ಕೂಡ ಮುಟ್ಟುವುದಿಲ್ಲ.

ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ಅನುಭಾವದ ಗೋಷ್ಠಿಯಲ್ಲಿ ಮೈಮರೆಯುತ್ತಾರೆ, ಹೊತ್ತು ಏರುತ್ತದೆ. ಆಗ ಲಕ್ಕಮ್ಮನವರು, ನಿಮ್ಮ ಕಾಯಕ ನಿಂತಿದೆ, ಏಳಿ, ಎನ್ನುತ್ತಾರೆ. ನಡೆಯುತ್ತಿದ್ದುದು ಹರಟೆಯಲ್ಲ, ಸಾಕ್ಷಾತ್ ಶರಣರ ಗೋಷ್ಠಿ. ಧರ್ಮಶ್ರವಣಕ್ಕಿಂತ ಮಿಗಿಲಾದ ಪುಣ್ಯವಿಲ್ಲವೆಂದು ಸಾರುವ ಗ್ರಂಥಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆ ತಾಯಿ ಅದಾವುದನ್ನೂ ಪ್ರಮಾಣವಾಗಿ ಎಣಿಸಲಿಲ್ಲ. ಅವಸರದಲ್ಲಿ ಹೋದ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಎರಡನೆಯ ಪ್ರಶ್ನೆ ಬರುತ್ತದೆ. ಇದು ನಿಮ್ಮ ಮನಸ್ಸಿನ ಆಸೆಯೋ, ಬಸವಣ್ಣನವರ ಕಡೆಯ ಅನುಮಾನವೋ ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾರೆ. ಈ ಪ್ರಶ್ನೆಯಲ್ಲಿ ಗಂಡನಷ್ಟೇ ಅಲ್ಲ, ಬಸವಣ್ಣನವರೂ ಸಿಕ್ಕಿಕೊಂಡಿದ್ದಾರೆಂಬುದನ್ನು ಬಹಳ ಮಂದಿ ಓದುಗರು ಗಮನಿಸುವುದಿಲ್ಲ. ದಾನದ ಹೆಸರಿನಲ್ಲಿ ಕಾಯಕವನ್ನು ಸಡಿಲಿಸಲು ಯಾರಿಗೂ, ಮಹಾಮನೆಯ ಒಡೆಯನಿಗೂ, ಅಧಿಕಾರವಿಲ್ಲವೆಂಬುದು ಅದರ ಧ್ವನಿ. ಇಂಥ ಮಾತನ್ನು ಅಳಿಸದೆ ಉಳಿಸಿಕೊಂಡು ಬಂದ ಸಂಪಾದನಕಾರರ ಎದೆಗಾರಿಕೆಯನ್ನೂ ಮೆಚ್ಚತಕ್ಕದ್ದು.

ಕಾಯಕವನ್ನು ಕೈಲಾಸವೆಂದು ಸಾರಿದ ಪ್ರಸಿದ್ಧವಾದ ಮಾತು ಬರುವುದು ಈ ಮಾರಯ್ಯನವರ ವಚನದಲ್ಲಿ. ಜನ ಅದನ್ನು ಬಸವಣ್ಣನವರದೆಂದು ಗೋಡೆಗಳ ಮೇಲೆ, ಕಚೇರಿಯ ಫಲಕಗಳ ಮೇಲೆ ಬರೆಯಿಸಿದ್ದಾರೆ. ಅದು ದೊಡ್ಡ ಅಪರಾಧವಲ್ಲ. ಆದರೆ ಮಾತನ್ನು ಅದರ ವಚನದಿಂದ ಕಿತ್ತು ಫಲಕಕ್ಕೆ ಹಾಕಿದಾಗ ಉಳಿದ ಭಾಗ ಮರೆಯಾಯಿತು. ನಿಜವಾದ ತೊಡಕಿರುವುದು ಅಲ್ಲಿಯೇ. ಕಾಯಕದಲ್ಲಿ ತೊಡಗಿದವನು ಗುರುವಿನ ದರ್ಶನವನ್ನೂ ಲಿಂಗದ ಪೂಜೆಯನ್ನೂ ಮರೆಯಬೇಕಾಗುವುದೆಂದು, ಜಂಗಮನು ಎದುರಿಗೇ ನಿಂತಿದ್ದರೂ ಆ ಹಂಗನ್ನು ಹರಿಯಬೇಕಾಗುವುದೆಂದು ಆ ವಚನದ ತಾತ್ಪರ್ಯ.

ಈ ವಚನವನ್ನು ಓದುವವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ಅಕ್ಷರಕ್ಕೆ ಅಕ್ಷರ ಹಿಡಿದು, ಶರಣರು ಗುರು, ಲಿಂಗ, ಜಂಗಮ ಮೂರನ್ನೂ ಕಳಚಿಹಾಕಿದರೆಂದು ಸಾಧಿಸುತ್ತಾರೆ. ಇನ್ನೊಂದು ಪಂಗಡದವರು ಇದು ಕೇವಲ ಅತಿಶಯೋಕ್ತಿ, ಕಾಯಕಕ್ಕೆ ಹೇಳಿದ ಅರ್ಥವಾದ, ಇದರಿಂದ ಆಚಾರಕ್ಕೆ ಯಾವ ಬಾಧೆಯೂ ಇಲ್ಲವೆಂದು ಸಮಾಧಾನ ಹೇಳುತ್ತಾರೆ. ಮೊದಲಿನವರು ವಚನದ ಕೊನೆಯನ್ನು ಓದಿಲ್ಲ. ಲಿಂಗವೂ ಕಾಯಕದೊಳಗೆ ಇದೆಯೆಂಬುದು ಅಲ್ಲಿ ಕಾರಣವಾಗಿ ಬಂದಿದೆ. ಎರಡನೆಯವರು ಕೊನೆಯನ್ನು ಓದಿದ್ದಾರೆ, ಆದರೆ ನಡುವಿನ ಒಂದು ಶಬ್ದದ ಮೇಲೆ ಕಾಲಿಡದೆ ದಾಟಿದ್ದಾರೆ. ಗುರು, ಲಿಂಗಗಳ ವಿಷಯದಲ್ಲಿ ಮರೆವಿನ ಮಾತನ್ನಾಡುವ ಮಾರಯ್ಯನವರು ಜಂಗಮನ ವಿಷಯಕ್ಕೆ ಬಂದೊಡನೆ ಕ್ರಿಯಾಪದವನ್ನು ಬದಲಾಯಿಸಿ 'ಹಂಗು' ಎನ್ನುತ್ತಾರೆ. ಹಂಗು ಭಕ್ತಿಯ ಶಬ್ದವಲ್ಲ, ಋಣದ ಶಬ್ದ. ಕೊಟ್ಟವನಿಗೂ ಕೊಂಡವನಿಗೂ ನಡುವಣ ಶಬ್ದ. ಎದುರಿಗೆ ಬಂದು ನಿಂತವನಿಂದ ಉಂಟಾಗುವ ದಾಕ್ಷಿಣ್ಯಕ್ಕೆ ಅಕ್ಕಿ ಆಯುವ ಬಡವನು ಒಳಗಾಗಬೇಕಾಗಿಲ್ಲವೆಂಬುದು ಇಲ್ಲಿನ ನಿಷ್ಕರ್ಷೆ. ಅದನ್ನು ಅತಿಶಯೋಕ್ತಿಯೆಂದು ತಳ್ಳುವುದು ಅನುಕೂಲದ ವ್ಯಾಖ್ಯಾನ. ಜಂಗಮವೆಂಬುದು ಚಲಿಸುವ ಅರಿವಿನ ಹೆಸರಾಗಿದ್ದುದು ಹುಟ್ಟಿನ ಹೆಸರಾಗಿ, ಆ ಬಳಿಕ ಮನೆಮನೆಯಿಂದ ಸಲ್ಲಬೇಕಾದ ಕಾಣಿಕೆಯ ಹೆಸರಾದ ಚರಿತ್ರೆಯನ್ನು ಬಲ್ಲವರಿಗೆ ಈ ಶಬ್ದ ಏಕೆ ಬಂದಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಠಗಳೂ ಈ ವಿಚಾರದಿಂದ ಹೊರತಲ್ಲ.

ಶರಣರು ವೇದಾಗಮಗಳನ್ನು ಒಪ್ಪಿದರೋ ತಿರಸ್ಕರಿಸಿದರೋ ಎಂಬ ಹಳೆಯ ವಾದಕ್ಕೂ ಇದೇ ರೋಗ ತಗಲಿದೆ. ಚನ್ನಬಸವಣ್ಣನವರ ವಚನಗಳಲ್ಲಿ ಸಂಸ್ಕೃತ ವಾಕ್ಯಗಳು ಸಾಕ್ಷಿಯಾಗಿ ಹೇರಳವಾಗಿ ಬರುತ್ತವೆ. ಒಂದು ಪಕ್ಷಕ್ಕೆ ಅಷ್ಟೇ ಸಾಕು. ವೇದ, ಶಾಸ್ತ್ರ, ತರ್ಕ, ಆಗಮ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ದಂಡಿಸುವ ಬಸವಣ್ಣನವರ ವಚನ ಮತ್ತೊಂದು ಪಕ್ಷದ ಆಯುಧ. ಆ ವಚನದ ಕೊನೆಗೆ ಅವರು ತಾವು ಮಾದಾರ ಚೆನ್ನಯ್ಯನ ಮನೆಯ ಮಗನೆಂದು ಹೇಳಿಕೊಳ್ಳುತ್ತಾರೆ. ಮೇಲಿನ ಸಾಲುಗಳನ್ನು ಕಟ್ಟಾ ಅಕ್ಷರಾರ್ಥದಲ್ಲಿ ಓದುವ ಪಂಡಿತರು ಈ ಕೊನೆಯ ಮಾತಿಗೆ ಬಂದಾಗ ಒಮ್ಮೆಲೇ ಲಾಕ್ಷಣಿಕರಾಗಿಬಿಡುವುದು ವಿನೋದದ ಸಂಗತಿ. ಕಾವ್ಯಪುರಾಣಗಳು ಬಸವಣ್ಣನವರ ಜನನವನ್ನು ಬಾಗೇವಾಡಿಯ ಬ್ರಾಹ್ಮಣ ಮನೆಯಲ್ಲಿ ಹೇಳಿರುವಾಗ, ಇದು ವಿನಯದ ಮಾತೆಂದು ಅವರ ಸಮಾಧಾನ. ಒಂದೇ ವಚನದ ಅರ್ಧವನ್ನು ಶಾಸನವಾಗಿಯೂ ಉಳಿದರ್ಧವನ್ನು ಅಲಂಕಾರವಾಗಿಯೂ ಓದಲು ಆಧಾರವೇನು? ವಾಸ್ತವವಾಗಿ ಇಡೀ ವಚನದ ಬಲವಿರುವುದು ಆ ಕೊನೆಯ ಮಾತಿನಲ್ಲಿ. ಶಾಸ್ತ್ರವನ್ನು ದಂಡಿಸುವ ಅಧಿಕಾರ ಎಲ್ಲಿಂದ ಬಂತೆಂದು ಕೇಳಿದರೆ, ಪಾಂಡಿತ್ಯದಿಂದ ಬಂತೆನ್ನದೆ, ಶಾಸ್ತ್ರ ಯಾರನ್ನು ಹೊರಗಿಟ್ಟಿತೋ ಅವರ ಮನೆಯಿಂದ ಬಂತೆಂದು ಬಸವಣ್ಣನವರು ಉತ್ತರಿಸುತ್ತಿದ್ದಾರೆ. ವೇದವು ಪ್ರಮಾಣವೇ ಅಲ್ಲವೇ ಎಂಬ ಪ್ರಶ್ನೆಯನ್ನು ಅವರು ಯಾರಿಗೆ ಪ್ರಮಾಣ, ಯಾರ ಮೇಲೆ ಪ್ರಮಾಣ ಎಂಬ ಪ್ರಶ್ನೆಯಾಗಿ ತಿರುಗಿಸಿದರು.

ಹೀಗೆ ಗ್ರಂಥದ ಪ್ರಾಮಾಣ್ಯವನ್ನು ಮನುಷ್ಯನ ನಡೆಯ ಮುಂದೆ ನಿಲ್ಲಿಸಿದವರ ಮಾತುಗಳು ತಾವೇ ಗ್ರಂಥವಾದುದು ಕಾಲದ ವೈಚಿತ್ರ್ಯ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಊರೂರು ಅಲೆದು ಕೂಡಿಸಿ 1923ರಲ್ಲಿ ಮೊದಲ ಭಾಗವನ್ನು ಪ್ರಕಟಿಸಿದಾಗ ಅದಕ್ಕೆ 'ವಚನಶಾಸ್ತ್ರಸಾರ' ಎಂದು ಹೆಸರಿಟ್ಟರು. ಅವರ ಋಣವನ್ನು ಕನ್ನಡ ನಾಡು ತೀರಿಸಲಾರದು. ವಚನವನ್ನು ಶಾಸ್ತ್ರವೆಂದು ಕರೆದುದಕ್ಕೂ ಸಕಾರಣವಿತ್ತು: ಸಂಸ್ಕೃತದಲ್ಲಿಲ್ಲದ್ದು ಶಾಸ್ತ್ರವೇ ಅಲ್ಲವೆಂಬ ಅಹಂಕಾರದ ಎದುರು ಕನ್ನಡದ ಮಾತಿಗೆ ಸಮಾನವಾದ ಪೀಠವನ್ನು ಹಾಕಬೇಕಾಗಿತ್ತು. ಆದರೆ ಪೀಠ ಹಾಕಿದ ಮೇಲೆ ಅದರ ಮೇಲೆ ಕುಳಿತುಕೊಳ್ಳುವವರೂ ಬರುತ್ತಾರೆ. 1993ರಲ್ಲಿ ರಾಜ್ಯ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದ ಬಳಿಕವಂತೂ, ಸಂಪುಟಸಂಖ್ಯೆ, ವಚನಸಂಖ್ಯೆಗಳನ್ನು ಹೇಳಿ ಎದುರಾಳಿಯ ಬಾಯಿ ಮುಚ್ಚಿಸುವುದು ಸುಲಭವಾಯಿತು. ಒಂದು ಕಾಲಕ್ಕೆ ಶ್ರುತಿವಾಕ್ಯವನ್ನು ಉದಾಹರಿಸಿ ನಡೆಸುತ್ತಿದ್ದ ಕೆಲಸವೇ ಇದು.

ಶಾಸ್ತ್ರವಾದುದನ್ನು ತಿದ್ದುವ ಆಸೆ ಅದರ ಹಿಂದೆಯೇ ಬರುತ್ತದೆ. ಮಾತೆ ಮಹಾದೇವಿಯವರು ತಮ್ಮ 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನು ಕೂಡಲಸಂಗಮದೇವನಿಂದ ಲಿಂಗದೇವನಿಗೆ ಬದಲಾಯಿಸಿದರು. ಲಿಂಗದೇವನೆಂಬುದೇ ಸರಿಯಾದ ಅಂಕಿತವೆಂಬುದು ಅವರ ನಿಲುವಾಗಿತ್ತು. ರಾಜ್ಯ ಸರ್ಕಾರ 1998ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಬಸವತತ್ತ್ವವನ್ನು ಹಳ್ಳಿಹಳ್ಳಿಗೆ ಕೊಂಡೊಯ್ದ ಅವರ ಪರಿಶ್ರಮ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ತಿದ್ದುಪಡಿಯ ಬುಡದಲ್ಲಿರುವುದು ಅಕ್ಷರಾರ್ಥದ ಓದು. ಅಂಕಿತವನ್ನು ಬರಿಯ ದೇವನಾಮವೆಂದು ಎಣಿಸಿದಾಗ ಒಂದು ನಾಮದ ಬದಲಿಗೆ ಇನ್ನೊಂದು ಶುದ್ಧವಾದ ನಾಮವನ್ನು ಇಡಬಹುದೆಂದು ತೋರುತ್ತದೆ. ಕೂಡಲಸಂಗಮ ಅಷ್ಟೇ ಅಲ್ಲ. ಅದು ಕೃಷ್ಣೆ, ಮಲಪ್ರಭೆಗಳು ಕೂಡುವ ನೆಲ. ಮನೆ ಬಿಟ್ಟುಬಂದ ಬಾಲಕನಿಗೆ ಆಸರೆಯಾದ ಊರು. ಪ್ರತಿಯೊಂದು ವಚನದ ತುದಿಯಲ್ಲಿ ಆ ನೀರಿನ ಸಪ್ಪಳವಿದೆ. ಕೂಡುವಿಕೆಯ ಅರ್ಥವಿರುವ ಶಬ್ದವನ್ನು ತೆಗೆದರೆ ತತ್ತ್ವಕ್ಕೆ ಅಡ್ಡಿ ಬಾರದಿದ್ದೀತು, ವಚನ ಮಾತ್ರ ಬಡವಾಗುತ್ತದೆ. ಹಾಗೆಂದು ಈ ವಿಷಯ ಮುಟ್ಟುಗೋಲಿನಿಂದ ತೀರ್ಮಾನವಾಯಿತೆಂದು ಸಂತೋಷಪಡುವುದೂ ತರವಲ್ಲ. ಪಾಠಾಂತರದ ಪ್ರಶ್ನೆಯನ್ನು ಓಲೆಗರಿಗಳ ಎದುರು ಕುಳಿತು ಬಿಡಿಸಬೇಕೇ ಹೊರತು, ಪೀಠದ ಅಪ್ಪಣೆಯಿಂದಾಗಲಿ ಸರ್ಕಾರದ ಆಜ್ಞೆಯಿಂದಾಗಲಿ ಅಲ್ಲ. ಸಂಪಾದನಕಾರರ ಮಾರ್ಗ ಬೇರೆಯಾಗಿತ್ತು. ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ಗೂಳೂರು ಸಿದ್ಧವೀರಣೊಡೆಯರವರೆಗೆ ಶೂನ್ಯಸಂಪಾದನೆ ನಾಲ್ಕು ಸಲ ಸಂಕಲನಗೊಂಡಿತು. ಭಿನ್ನಾಭಿಪ್ರಾಯವುಳ್ಳವರು ಇನ್ನೊಂದು ಸಂಪಾದನೆಯನ್ನು ಕಟ್ಟಿದರು, ಹಿಂದಿನದನ್ನು ಸುಡಲಿಲ್ಲ.

ಅಕ್ಷರಾರ್ಥವನ್ನು ಇಷ್ಟು ದೂರಿದ ಮೇಲೆ ಅದರ ಪರವಾಗಿಯೂ ಒಂದು ಮಾತು ಸಲ್ಲಬೇಕು. ಅದನ್ನು ದಾಟಬೇಕಾದವನು ಮೊದಲು ಅದರ ಮೇಲೆ ಕಾಲೂರಬೇಕು. ಬೆಡಗಿನ ವಚನಗಳಿಗೆ ಟೀಕೆ ಬರೆದ ಹಿಂದಿನವರಲ್ಲಿ ಕೆಲವರು ಈ ಕಾಲೂರುವ ಕೆಲಸವನ್ನೇ ಬಿಟ್ಟರು. ಕಪ್ಪೆಗೆ ಒಂದು ತತ್ತ್ವ, ಸರ್ಪಕ್ಕೆ ಒಂದು ತತ್ತ್ವ, ಮರಕ್ಕೆ ಒಂದು ತತ್ತ್ವ ಎಂದು ಪಟ್ಟಿ ಮಾಡಿ ಹಂಚಿದರು. ಪಟ್ಟಿ ಕೈಯಲ್ಲಿದ್ದರೆ ವಚನ ಬೇಕಾಗುವುದೇ ಇಲ್ಲ. ಇದೂ ಅಕ್ಷರಾರ್ಥವೇ, ಅಕ್ಷರ ಮಾತ್ರ ಬೇರೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಕಡೆ ರೇಷ್ಮೆ ಸಾಕುವ ಒಕ್ಕಲುಮನೆಯನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ನಾಲ್ಕನೆಯ ಜ್ವರ ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ಮೇಯುತ್ತದೆ. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಆ ಕೆಲವೇ ದಿನಗಳಲ್ಲಿ ತೀರುತ್ತದೆ. ಆಮೇಲೆ ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಒಂದು ಹೊತ್ತು ತಡವಾದರೆ ನೂಲು ವ್ಯರ್ಥ. ಅಂಥ ದಿನ ಬಾಗಿಲಿಗೆ ಗುರುಗಳ ಆಗಮನವಾದರೆ ಆ ಮನೆಯ ಹೆಣ್ಣುಮಗಳು ಏನು ಮಾಡಬೇಕು? ಮಾರಯ್ಯನವರ ವಚನ ಆಕೆಗೆ ಅತಿಶಯೋಕ್ತಿಯಾಗಿ ಕಾಣಿಸದು, ಗುರುದ್ರೋಹವಾಗಿಯೂ ಕಾಣಿಸದು. ಬಂದವರು ನಿಜವಾಗಿ ಗುರುಗಳಾಗಿದ್ದರೆ ತಟ್ಟೆ ಹಿಡಿದು ಹುಳು ಆರಿಸಲು ನೆರವಾದಾರು.

ಅದೇ ಮನೆಯಲ್ಲಿ ಅಕ್ಕನ ಇನ್ನೊಂದು ವಚನವನ್ನೂ ಓದಿ ನೋಡಬೇಕು. ಹುಳುವೊಂದು ತನ್ನ ಒಲುಮೆಯಿಂದ ಮನೆ ಕಟ್ಟಿಕೊಂಡು, ತನ್ನ ನೂಲೇ ತನ್ನನ್ನು ಸುತ್ತಿ ಸಾಯುವ ದೃಷ್ಟಾಂತ ಅದರಲ್ಲಿದೆ. ಟೀಕಾಕಾರರು ಅದನ್ನು ರೇಷ್ಮೆಯ ಹುಳುವೆಂದೇ ಅರ್ಥೈಸುತ್ತ ಬಂದಿದ್ದಾರೆ. ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆಯ ಬೇಸಾಯ ಹಬ್ಬಿದುದು ಹದಿನೆಂಟನೆಯ ಶತಮಾನದಲ್ಲಿ, ದೇವನಹಳ್ಳಿಯಲ್ಲಿಯೇ ಹುಟ್ಟಿದ ಟಿಪ್ಪುವಿನ ಆಳ್ವಿಕೆಯಲ್ಲಿ. ಅಕ್ಕನವರು ಹನ್ನೆರಡನೆಯ ಶತಮಾನದವರು. ಇಂದಿನ ಓದುಗ ಮನೆಯ ಚಂದ್ರಿಕೆಯನ್ನು ವಚನದೊಳಕ್ಕೆ ಕೊಂಡೊಯ್ಯುತ್ತಾನೆ, ಅದರಿಂದ ಹಾನಿಯಿಲ್ಲ. ಆದರೆ ಅಕ್ಷರಾರ್ಥಿಗೆ ಇಲ್ಲಿ ನಿಜವಾದ ಇಕ್ಕಟ್ಟು ಕಾದಿದೆ. ಹುಳು ತನ್ನ ಗೂಡಿನಲ್ಲಿ ಸಾಯುವುದಿಲ್ಲ. ಬಿತ್ತನೆ ಗೂಡನ್ನು ಕಂಡ ಪ್ರತಿಯೊಬ್ಬ ರೈತನೂ ಇದನ್ನು ಬಲ್ಲ: ಹಾಗೇ ಬಿಟ್ಟರೆ ಕೆಲವು ದಿನಗಳಲ್ಲಿ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಸಾಯಿಸುವುದು ನೂಲಲ್ಲ, ನೂಲಿಗಾಗಿ ಗೂಡನ್ನು ಬೇಯಿಸುವ ನೀರು. ಹಾಗಾದರೆ ವಚನ ತಪ್ಪೇ? ವಚನದ ಪ್ರತಿಯೊಂದು ಅಕ್ಷರವೂ ಪ್ರಮಾಣವೆನ್ನುವವನು ಈಗ ರೈತನನ್ನು ಸುಳ್ಳುಗಾರನೆನ್ನಬೇಕು, ಇಲ್ಲವೇ ಅಕ್ಕನನ್ನು ಕೈಬಿಡಬೇಕು.

ರೈತನಿಗೆ ಈ ಇಕ್ಕಟ್ಟಿಲ್ಲ. ಸಾಲ ಮಾಡಿ ಮನೆ ಕಟ್ಟಿ ಆ ಮನೆಯಲ್ಲಿಯೇ ಸಿಕ್ಕಿಬಿದ್ದವರನ್ನು ಅವನು ಕಂಡಿದ್ದಾನೆ. ಹುಳು ಹೊರಬರುವುದನ್ನೂ ಕಂಡಿದ್ದಾನೆ. ಅಕ್ಕನವರ ವಚನವೂ ಹುಳುವಿನ ಸಾವಿನಲ್ಲಿ ಮುಗಿಯುವುದಿಲ್ಲ. ಮನದ ದುರಾಸೆಯನ್ನು ಬಿಡಿಸಿ ನಿನ್ನ ಕಡೆಯ ದಾರಿಯನ್ನು ತೋರೆಂದು ಅದು ಚೆನ್ನಮಲ್ಲಿಕಾರ್ಜುನನನ್ನು ಕೇಳುತ್ತದೆ. ಹೊರಗಿನ ದಾರಿಯೊಂದು ಇದೆಯೆಂದು ಗೊತ್ತಿರುವವರು ಮಾತ್ರ ಕೇಳುವ ಬೇಡಿಕೆ ಅದು. ಗೂಡು ತೂತಾಗುವುದನ್ನು ಕಂಡವನಿಗೆ ಅದು ಇನ್ನಷ್ಟು ಚೆನ್ನಾಗಿ ಕೇಳಿಸುತ್ತದೆ.