ವಿರೂಪಾಕ್ಷನ ರಂಗಮಂಟಪದಲ್ಲಿ ಕಾಮ

ನಮ್ಮ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಹೋಳಿಯ ಕಾಲಕ್ಕೆ ಕಾಮ-ರತಿಯರನ್ನು ಕುಳ್ಳಿರಿಸುವ ಸಂಭ್ರಮವನ್ನು ಕಂಡವರಿಗೆ ಕಾಮನ ಕಥೆಯೆಂದರೆ ಮೊದಲು ನೆನಪಾಗುವದು ಬೆಂಕಿ, ಬೂದಿ, ಬೊಬ್ಬೆ. ಆ ನೆನಪಿನೊಡನೆ ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಹೊಕ್ಕು ತಲೆಯೆತ್ತಿದ ವಾಚಕರಿಗೆ ತುಸು ನಿರಾಶೆಯೇ ಆದೀತು. ಅಲ್ಲಿಯ ಮನ್ಮಥನು ಇನ್ನೂ ಬೆಂದಿಲ್ಲ. ರಥದ ಮೇಲೆ ನಿಂತು, ಕಬ್ಬಿನ ಬಿಲ್ಲನ್ನು ಸೆಳೆದು, ತಪಸ್ಸಿನಲ್ಲಿರುವ ಶಿವನಿಗೆ ಗುರಿಯಿಟ್ಟಿರುವನು.

ಈ ಚಿತ್ರಕ್ಕೆ ಕಾಮದಹನವೆಂಬ ಹೆಸರುಂಟು, ಮದನವಿಜಯವೆಂತಲೂ ಕರೆಯುವರು. ಎರಡನೆಯದೇ ಇದಕ್ಕೆ ಒಪ್ಪುವದೆಂದು ನಮ್ಮ ಮತ. ಕಾರಣವು ಅದೇ ಛತ್ತಿನಲ್ಲಿದೆ. ಅಲ್ಲಿ ತ್ರಿಪುರಾಂತಕನಿದ್ದಾನೆ: ಬ್ರಹ್ಮನು ಸಾರಥಿ, ಶಿವನೇ ಬಿಲ್ಲುಗಾರ. ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನೂ ಇದ್ದಾನೆ. ಹೀಗೆ ಒಂದೇ ಮಾಳಿಗೆಯ ಕೆಳಗೆ ಮೂರು ಬಿಲ್ಲುಗಳು. ಶಿವನ ಬಾಣದಿಂದ ಪುರಗಳು ಉರಿದವು. ಅರ್ಜುನನ ಬಾಣದಿಂದ ಮದುವೆಯಾಯಿತು. ಕಾಮನ ಬಾಣವು ಯಾವ ಪಂಕ್ತಿಯದು? ಬಿಟ್ಟವನು ಬೂದಿಯಾದನು, ದಿಟ. ಆದರೆ ಗಿರಿಜಾಕಲ್ಯಾಣವೂ ಇದೇ ಛತ್ತಿನಲ್ಲಿ ಬರೆಯಲ್ಪಟ್ಟಿದೆಯಲ್ಲ! ಎಸೆದವನು ಅಳಿದನು, ಎಸುಗೆ ಫಲಿಸಿತು.

ಕ್ಷೇತ್ರವೂ ಇದಕ್ಕೆ ಸಾಕ್ಷಿ. ಪಂಪಾ-ವಿರೂಪಾಕ್ಷರಿಗೆ ವರುಷವರುಷವೂ ಫಲಪೂಜೆ ನಡೆದು ಕಲ್ಯಾಣವಾಗುವ ಊರದು; ಗುಡಿಯ ಉತ್ತರದ ಹೊಂಡಕ್ಕೆ ಮನ್ಮಥನದೇ ಹೆಸರು.

ಇಷ್ಟನ್ನೂ ಒಬ್ಬನೇ ಚಿತ್ರಕಾರನು ಯೋಚಿಸಿ ಹೂಡಿದನೆಂದು ನಾವು ಹೇಳಲಾರೆವು. ಮಂಟಪವು ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ್ದು, ಸುಮಾರು 1510ರದು. ಚಿತ್ರಗಳೂ ವಿಜಯನಗರದವೆಂದು ಕೆಲವರು, ಅವು ಹತ್ತೊಂಬತ್ತನೆಯ ಶತಮಾನದಷ್ಟು ಈಚಿನವೆಂದು ಇನ್ನು ಕೆಲವು ಪಂಡಿತರು ವಾದಿಸುವರು. ಕಾಲವು ಯಾವದಿದ್ದರೂ ಆ ಊರಿನ ಮನಸ್ಸು ಅದೇ. ನಮ್ಮ ಅರ್ಥಕ್ಕೆ ಅಷ್ಟು ಸಾಕು.

ರಚನೆಯ ಬಗೆಗೆ ಒಂದು ಮಾತು. ಮೊಗಗಳು ಹೆಚ್ಚಾಗಿ ಪಕ್ಕದ ನೋಟದವು, ಆಳವಿಲ್ಲ, ನೆರಳಿಲ್ಲ, ಇಟ್ಟಂಗಿಗೆಂಪಿನ ಮೇಲೆ ಗೆರೆಯೇ ಎಲ್ಲ. ಇದನ್ನು ಅಜ್ಞಾನವೆಂದು ನಗುವವರು ಒಮ್ಮೆ ಅಲ್ಲಿ ಕತ್ತೆತ್ತಿ ನಿಲ್ಲಬೇಕು. ಮಾಸಿದ ಛತ್ತನ್ನು ಕೆಳಗಿನಿಂದ ನೋಡುವವನಿಗೆ ಬಿಲ್ಲುಗಾರನ ಕಣ್ಣು, ಬಾಣ, ಗುರಿ ಒಂದೇ ಗೆರೆಯಲ್ಲಿದ್ದರೇನೇ ಕಥೆ ತಟ್ಟನೆ ತಿಳಿಯುವದು. ಮುಂದಿನ ಚಿತ್ರಕ್ಕೆ ಮಾತ್ರ ತಾನೇ ತಿರುಗಿ ನಿಲ್ಲಬೇಕು. ಕತ್ತು ನೋಯುವದಂತೂ ನಿಶ್ಚಯ.

ಕಮರಿಪೇಟೆಯಲ್ಲಿಯೂ ಸುಡುವದಕ್ಕೆ ಮೊದಲು ಕಾಮನನ್ನು ಜನರು ಕಣ್ತುಂಬ ನೋಡುವರು. ಹಂಪೆಯವರು ಆ ಗಳಿಗೆಯಲ್ಲಿಯೇ ಅವನನ್ನು ನಿಲ್ಲಿಸಿಕೊಂಡಿದ್ದಾರೆ.