ಎರೆಹೊಲದ ಅಂಚಿನ ಆರು ಸಿಲಿಂಡರು

ಹೆಸರಿನ ಸುಗ್ಗಿ ಬಂತೆಂದರೆ ಅಣ್ಣಿಗೇರಿ, ನವಲಗುಂದ ಕಡೆಯ ಒಳರಸ್ತೆಗಳೇ ಕಣಗಳಾಗುತ್ತವೆ. ಕಿತ್ತು ತಂದ ಬೆಳೆಯನ್ನು ಡಾಂಬರಿನ ಮೇಲೆ ಹರವಿಬಿಟ್ಟರೆ ಹೋಗಿಬರುವ ಗಾಡಿಗಳೇ ಒಕ್ಕಿ ಕೊಡುತ್ತವೆ. ಹೋದ ವರ್ಷ ಅಂಥ ನಾಲ್ಕೈದು ಕಣ ದಾಟಿ ಬಂದು ಮನೆ ಮುಂದೆ ಕಾರು ನಿಲ್ಲಿಸಿದೆ. ಐದು ನಿಮಿಷಕ್ಕೆ ಸುಟ್ಟ ಹುಲ್ಲಿನ ವಾಸನೆ. ಅಂಗಾತ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಸೈಲೆನ್ಸರ್ ಪೈಪಿಗೆ ಸುತ್ತಿಕೊಂಡ ಒಣಬಳ್ಳಿ ಕರ್ರಗಾಗಿ ಹೊಗೆಯಾಡುತ್ತಿತ್ತು. ಇನ್ನಷ್ಟು ಹೊತ್ತು ಓಡಿಸಿದ್ದರೆ ಕಾರೇ ಹೊತ್ತಿಕೊಳ್ಳುತ್ತಿತ್ತು. ಅಂದಿನಿಂದ ಡಿಕ್ಕಿಯಲ್ಲಿ ತುದಿ ಬಾಗಿಸಿದ ಒಂದು ಕಬ್ಬಿಣದ ಸರಳು ಇಟ್ಟುಕೊಂಡಿದ್ದೇನೆ. ಸುಗ್ಗಿಯಲ್ಲಿ ಕಣ ದಾಟಿದ ಮೇಲೆ ಇಳಿದು, ಬಗ್ಗಿ ನೋಡಿಯೇ ಮುಂದೆ ಹೋಗುವುದು.

ನನ್ನದು 2014ರ ಬಿಎಂಡಬ್ಲ್ಯೂ 530ಡಿ. 86,000 ಕಿಲೋಮೀಟರ್ ಓಡಿದ್ದನ್ನು ತಂದೆ, ಈಗ 1,40,000 ದಾಟಿದೆ. ಮೂರು ಲೀಟರಿನ ಡೀಸೆಲ್ ಎಂಜಿನ್, ಒಂದೇ ಸಾಲಿನಲ್ಲಿ ಆರು ಸಿಲಿಂಡರು, 560 ನ್ಯೂಟನ್ ಮೀಟರ್ ಟಾರ್ಕ್. ಪೆಡಲ್ ಮೆಲ್ಲಗೆ ಒತ್ತಿದರೂ ಬೆನ್ನು ಸೀಟಿಗೆ ಅಂಟುತ್ತದೆ. ತಂದ ದಿನ ಪಕ್ಕದ ಮನೆಯ ಹಿರಿಯರು ಬಾನೆಟ್ ಮುಟ್ಟಿ ನೋಡಿ, “ತಮ್ಮಾ, ಇದು ಎರಿ ನೆಲದಾಗ ಬಾಳಿಕಿ ಬರ್ತದೇನೋ?” ಎಂದಿದ್ದರು. ಬರುತ್ತದೆ. ಆದರೆ ಪರದೆ ಹೇಳುವ ಲೆಕ್ಕ ಬಿಟ್ಟು ಈ ನೆಲದ ಲೆಕ್ಕ ಹಿಡಿಯಬೇಕು.

ಆಯಿಲ್ ಬದಲಿಸಲು ಇನ್ನೂ ಇಷ್ಟು ಕಿಲೋಮೀಟರ್ ಉಳಿದಿದೆ ಎಂದು ಕಾರಿನ ಪರದೆ ತೋರಿಸುತ್ತದೆ. ಕಡಲೆ ರಾಶಿಯ ಹೊತ್ತಿನಲ್ಲಿ ಮುಂದೆ ಹೋಗುವ ಟ್ರ್ಯಾಕ್ಟರ್ ಎಬ್ಬಿಸುವ ಧೂಳು ಅದಕ್ಕೆ ಗೊತ್ತಿಲ್ಲ. ಎರೆಮಣ್ಣು ಒಣಗಿದರೆ ಹಿಟ್ಟಿನಷ್ಟು ನುಣುಪು. ಏರ್ ಫಿಲ್ಟರಿನ ಅಂಚು ಎಲ್ಲಾದರೂ ಸರಿಯಾಗಿ ಕೂರದಿದ್ದರೆ ಆ ಹಿಟ್ಟು ನೇರ ಟರ್ಬೊಗೆ, ಅಲ್ಲಿಂದ ಪಿಸ್ಟನ್ ರಿಂಗಿಗೆ, ಕೊನೆಗೆ ಆಯಿಲ್ಲಿಗೆ. ಫಿಲ್ಟರಿಗೆ ಗಾಳಿ ಹೊಡೆಸಿ ಮತ್ತೆ ಹಾಕುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡಿ. ಕಂಪ್ರೆಸರಿನ ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ನಾನು 10,000 ಕಿಲೋಮೀಟರಿಗೆ ಹೊಸ ಫಿಲ್ಟರ್ ಹಾಕುತ್ತೇನೆ. ಆಯಿಲ್ 7,500ಕ್ಕೇ, ಅದೂ ಲಾಂಗ್‌ಲೈಫ್-04 ಎಂದು ಡಬ್ಬಿಯ ಮೇಲೆ ಬರೆದಿದ್ದನ್ನೇ.

ಆಯಿಲ್ ವಿಷಯದಲ್ಲಿ ಇಷ್ಟು ಹಟ ಯಾಕೆಂದರೆ ಈ ಎಂಜಿನ್ನಿನ ಟೈಮಿಂಗ್ ಚೈನು ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಕಡೆ ಇದೆ. ಮುಂದೆ ಇದ್ದಿದ್ದರೆ ಬಿಚ್ಚುವುದು ಸುಲಭವಿತ್ತು. ಹಿಂದಿರುವುದರಿಂದ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸದೆ ಅದು ಕೈಗೆ ಸಿಗದು. ಕೊಳೆಯಾದ ಆಯಿಲ್ ಚೈನನ್ನೂ ಅದರ ಗೈಡುಗಳನ್ನೂ ಸವೆಸುತ್ತದೆ. ಅದರ ಮೊದಲ ಸುಳಿವು ಕಿವಿಗೆ ಸಿಗುತ್ತದೆ: ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿದರೆ ಡ್ಯಾಶ್‌ಬೋರ್ಡಿನ ಆಚೆಯಿಂದ ಎರಡು ಮೂರು ಕ್ಷಣ ಸಣ್ಣ ಕಿರಕಿರ. ಅದಕ್ಕೇ ದಿನದ ಮೊದಲ ಸ್ಟಾರ್ಟಿಗೆ ರೇಡಿಯೊ ಬಂದ್, ಕಿಟಕಿ ತೆರೆದಿರಬೇಕು.

ಈ ಕಿವಿಯ ಮಾತು ಬಂದಾಗಲೆಲ್ಲ ನನಗೆ ಕುಂದಗೋಳ ನೆನಪಾಗುತ್ತದೆ. 1930ರ ದಶಕದ ಕೊನೆಯಲ್ಲಿ ಅಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ಭೀಮಸೇನ ಜೋಶಿಯವರಿಗೆ ಕಾರೆಂದರೆ ಪ್ರಾಣ, ಕಾರಿನ ಯಂತ್ರದ ತಿಳಿವಳಿಕೆಯೂ ಚೆನ್ನಾಗಿತ್ತು. ಷಡ್ಜ ಕೂದಲೆಳೆಯಷ್ಟು ಸರಿದರೂ ಹಿಡಿಯುವ ಆ ಕಿವಿ ಬಾನೆಟ್ಟಿನ ಕೆಳಗೆ ಏನೇನು ಕೇಳಿಸಿಕೊಂಡಿರಬಹುದು! ಅವರು ಓಡಿಸಿದ ಕಾರೊಂದರ ಪಕ್ಕದ ಸೀಟಿನಲ್ಲಿ ಒಮ್ಮೆ ಕೂರಬೇಕಿತ್ತು ಅನಿಸುತ್ತದೆ.

ಗೇರ್‌ಬಾಕ್ಸ್ ಎಂಟು ಗೇರಿನ ಝಡ್‌ಎಫ್. ಅದರ ಎಣ್ಣೆ ಆಜೀವ ಬಾಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 80,000ದಿಂದ 1,20,000 ಕಿಲೋಮೀಟರಿನ ಒಳಗೆ, ಇಲ್ಲವೆ ಎಂಟು ವರ್ಷಕ್ಕೆ ಬದಲಿಸಿ ಎಂದು ತಯಾರಿಸಿದವರೇ ಹೇಳುತ್ತಾರೆ. ಫಿಲ್ಟರ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯೊಳಗೇ ಇರುವುದರಿಂದ ತಟ್ಟೆಯನ್ನೇ ಬದಲಿಸಬೇಕು. ಮಟ್ಟ ನೋಡುವುದು ಎಂಜಿನ್ ಚಾಲೂ ಇಟ್ಟು, ಎಣ್ಣೆ ಸುಮಾರು 40 ಡಿಗ್ರಿ ಇರುವಾಗ. ಸ್ಕ್ಯಾನರ್ ಇಲ್ಲದೆ ಕೈಯಂದಾಜಿನಲ್ಲಿ ಸುರಿಯುವ ಗ್ಯಾರೇಜಿಗೆ ಕಾರು ಕೊಡಬೇಡಿ.

ಕೂಲಂಟ್ ಕಡಿಮೆಯಾದರೆ ಬೋರ್‌ವೆಲ್ ನೀರು ಹಾಕಬಾರದು. ನವಲಗುಂದದ ಮಂದಿ ನೀಲಮ್ಮನ ಕೆರೆಯ ನೀರು ಕುಡಿಯುತ್ತ ಬಂದದ್ದು ಸುಮ್ಮನೆ ಅಲ್ಲ. ನೆಲದ ನೀರು ಸವಳು. ಆ ಉಪ್ಪು ಅಲ್ಯೂಮಿನಿಯಂ ಎಂಜಿನ್ನನ್ನು ಒಳಗಿಂದ ತಿನ್ನುತ್ತದೆ, ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಪೊರೆ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಒಂದು ಕ್ಯಾನ್ ಕೂಲಂಟ್ ಮನೆಯಲ್ಲಿ ಸದಾ ಇರಲಿ.

ರನ್‌ಫ್ಲ್ಯಾಟ್ ಟೈರು ಗಾಳಿ ಹೋದ ಮೇಲೂ 80 ಕಿಲೋಮೀಟರ್ ಓಡುತ್ತದೆ, ಗಂಟೆಗೆ 80ರ ಒಳಗೆ. ನಮ್ಮ ಹಳ್ಳಿಯಿಂದ ಹುಬ್ಬಳ್ಳಿ ಮುಟ್ಟಲು ಅಷ್ಟು ಸಾಕು. ಬ್ಯಾಟರಿ ಬದಲಿಸಿದಾಗ ಕಾರಿನ ಕಂಪ್ಯೂಟರಿಗೆ ಅದನ್ನು ನೋಂದಾಯಿಸಬೇಕು. ಇಲ್ಲವಾದರೆ ಹಳೆಯ ಬ್ಯಾಟರಿ ಎಂದೇ ತಿಳಿದು ಚಾರ್ಜ್ ಮಾಡಿ ಹೊಸದನ್ನು ಹಾಳು ಮಾಡುತ್ತದೆ. ಕಾಳಿನ ಚೀಲ ಇಟ್ಟ ಪಡಸಾಲೆಯ ಪಕ್ಕ ಮಾತ್ರ ಕಾರು ನಿಲ್ಲಿಸಬೇಡಿ, ಇಲಿಗೆ ವೈರೂ ಕಾಳೂ ಒಂದೇ.

ಉಳಿದದ್ದು ಬುಷ್‌ಗಳು. ಕಲಘಟಗಿ ಕಡೆ ಮಣ್ಣು ಬೇರೆ, ಅಲ್ಲಿ ರಸ್ತೆ ಕೂತಲ್ಲೇ ಕೂತಿರುತ್ತದೆ. ಎರೆನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಮೇಲಿನ ಡಾಂಬರು ಅಲೆಯಲೆಯಾಗುತ್ತದೆ, ಆ ಪ್ರತಿ ಅಲೆಯನ್ನೂ ಕಂಟ್ರೋಲ್ ಆರ್ಮಿನ ರಬ್ಬರು ನುಂಗಬೇಕು. ನನ್ನ ಕಾರಿನಲ್ಲಿ ಎಡಗಡೆಯದು ಬ್ರೇಕ್ ಒತ್ತಿದಾಗ ಟಕ್ ಎನ್ನತೊಡಗಿದೆ. ಹಿಂಗಾರಿ ಬಿತ್ತಿಗೆ ಮುಗಿದ ಮರುವಾರ ಎರಡೂ ಬದಿ ಒಟ್ಟಿಗೆ ಬಿಚ್ಚಿಸುತ್ತೇನೆ.