ಬೇರಿಲ್ಲದ ಗಿಡದ ನೀರಿನ ಲೆಕ್ಕ

ಆರ್ಕಿಡ್ ಕುಂಡಕ್ಕೆ ತುಂಬುವ ಜೌಗಿನ ಪಾಚಿ ಸ್ಫ್ಯಾಗ್ನಮ್ ಮಾಸ್ ಬಿಸಿ ಏರಿದರೆ ಉಳಿಯದೆಂದು ನಾನು ಈಚೆಗೆ ಗೊಣಗಿದ್ದನ್ನು ಓದಿದವರೊಬ್ಬರು ಸಮಾಧಾನ ಹೇಳಿ ಕಾಗದ ಬರೆದಿದ್ದಾರೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಗಿಡಗಳಿಗೆ ಹಬ್ಬವಂತೆ. ಜತೆಗೆ ಚಳಿಯೂ ತಗ್ಗಿದರೆ ಉತ್ತರದ ಜೌಗುಗಳಲ್ಲಿ ಮಾಸ್ ಇನ್ನಷ್ಟು ಹುಲುಸಾಗುತ್ತದಂತೆ. ಈ ‘ಗಿಡದ ಊಟ’ದ ಪಂಥದವರು ನನಗೆ ಹಳಬರು. ಯಾವ ಫಲಪುಷ್ಪ ಪ್ರದರ್ಶನಕ್ಕೆ ಹೋದರೂ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಹಸಿರುಮನೆಯಲ್ಲಿ ಟೊಮೆಟೊಗೆ ಅನಿಲ ಬಿಟ್ಟು ಇಳುವರಿ ಹೆಚ್ಚಿಸಿದ ಕಥೆ ಅವರ ನಾಲಿಗೆ ತುದಿಯಲ್ಲಿರುತ್ತದೆ. ಆ ಟೊಮೆಟೊಗೆ ಹೊತ್ತುಹೊತ್ತಿಗೆ ನೀರುಣಿಸುವ ಡ್ರಿಪ್ ಪೈಪಿನ ಮಾತು ಮಾತ್ರ ಬರುವುದಿಲ್ಲ.

ಒಣಗಿದ ಮಾಸ್‌ನ ಒಂದೆಳೆಯನ್ನು ನೀರಲ್ಲಿ ನೆನೆಸಿ, ಪುಟ್ಟ ಎಲೆಯೊಂದನ್ನು ಚಿಮಟದಿಂದ ಕಿತ್ತು ಸೂಕ್ಷ್ಮದರ್ಶಕದಡಿ ಇಡಿ. ಜೀವವಿರುವ ಹಸಿರು ಕೋಶಗಳು ಸಪೂರವಾಗಿ ಬಲೆ ಹೆಣೆದಂತಿರುತ್ತವೆ. ಅವುಗಳ ನಡುವಿನ ಜಾಗವನ್ನೆಲ್ಲ ತುಂಬಿರುವುದು ಸತ್ತು ಬರಿದಾದ ದೊಡ್ಡ ಕೋಶಗಳು. ಗೋಡೆಯಲ್ಲಿ ತೂತು, ಒಳಗೆ ಗೋಡೆ ಕುಸಿಯದಂತೆ ಸುರುಳಿ ಪಟ್ಟಿ. ಒಣ ತೂಕದ ಸುಮಾರು 20 ಪಟ್ಟು ನೀರು ಹಿಡಿಯುವ ಗುಟ್ಟು ಇಷ್ಟೇ, ಆರ್ಕಿಡ್ ಸಾಕುವ ನಾವು ಕೊಂಡಾಡುವುದೂ ಇದನ್ನೇ. ಆದರೆ ಈ ಗಿಡಕ್ಕೆ ಬೇರಿಲ್ಲ. ಆವಿಯನ್ನು ತಡೆಯಲು ಮುಚ್ಚಿ ತೆರೆಯುವ ಪತ್ರರಂಧ್ರ ಎಲೆಯಲ್ಲಿಲ್ಲ. ಮೇಲಿಂದ ಬೀಳುವ ಮಳೆ, ಕೆಳಗೆ ಅರೆಕೊಳೆತು ಕೂಡಿದ ಪೀಟ್‌ನಿಂದ ಎಳೆಗಳ ಸಂದಿಯಲ್ಲಿ ಏರುವ ತೇವ, ಇವೆರಡೇ ಗತಿ. ಒಣಗಿದರೆ ಬಿಳಿಚಿಕೊಂಡು ಆಹಾರ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಆಗ ಸುತ್ತ ಎಷ್ಟು ಅನಿಲವಿದ್ದರೇನು?

ನನ್ನ ಮಾತು ಬೇಡವೆಂದರೆ ಅಮೆರಿಕದ ಮಿನ್ನೆಸೋಟದ ಉತ್ತರಕ್ಕೆ ಹೋಗೋಣ. ಅಲ್ಲಿನ ಮಾರ್ಸೆಲ್ ಪ್ರಾಯೋಗಿಕ ಅರಣ್ಯದ ಜೌಗೊಂದರಲ್ಲಿ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಆ ದೇಶದ ಅರಣ್ಯ ಇಲಾಖೆ ‘ಸ್ಪ್ರೂಸ್’ ಎಂಬ ಪ್ರಯೋಗ ಹೂಡಿದವು. ನೆತ್ತಿ ತೆರೆದ ಹತ್ತು ಆವರಣಗಳನ್ನು ಕಟ್ಟಿ, ಒಳಗಿನ ಗಾಳಿಯನ್ನೂ ಆಳದ ಪೀಟನ್ನೂ ಬೇರೆಬೇರೆ ಮಟ್ಟಕ್ಕೆ, 9 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಚ್ಚುವರಿಯಾಗಿ ಕಾಯಿಸಿದರು. ಅರ್ಧದಷ್ಟು ಆವರಣಗಳಿಗೆ ಇಂಗಾಲದ ಡೈಆಕ್ಸೈಡನ್ನೂ ಬಿಟ್ಟರು, ಹೊರಗಿನ ಗಾಳಿಗಿಂತ ಹತ್ತು ಲಕ್ಷಕ್ಕೆ 500 ಭಾಗ ಹೆಚ್ಚು. ನಮ್ಮ ಪಂಥದವರು ಕೇಳುವ ಹಬ್ಬದೂಟವೇ ಅದು.

ರಿಚರ್ಡ್ ನಾರ್ಬಿ ಮತ್ತು ಸಂಗಡಿಗರು 2019ರಲ್ಲಿ ಲೆಕ್ಕ ಒಪ್ಪಿಸಿದರು. ನ್ಯಾಯವಾಗಿ ಹೇಳಬೇಕು, ಎರಡನೇ ವರ್ಷ ಕಾಗದ ಬರೆದವರದೇ ಗೆಲುವು: ಸುಮಾರು 5 ಡಿಗ್ರಿ ಹೆಚ್ಚುವರಿ ಬಿಸಿಯವರೆಗೆ ಮಾಸ್ ಚೆನ್ನಾಗಿಯೇ ಬೆಳೆದಿತ್ತು. ಮೂರು ವರ್ಷ ತುಂಬುವಾಗ ಆಟ ಮುಗಿದಿತ್ತು. ಬಿಸಿ ಏರಿದಷ್ಟೂ ಬೆಳವಣಿಗೆ ಇಳಿಯಿತು. ನೆಲವನ್ನು ಹೆಚ್ಚುಕಡಿಮೆ ಪೂರ್ತಿ ಹೊದ್ದಿದ್ದ ಮಾಸ್, ಅತಿ ಬಿಸಿಯ ಆವರಣಗಳಲ್ಲಿ ಅರ್ಧ ನೆಲವನ್ನೂ ಮುಚ್ಚದಷ್ಟು ಒಣಗಿ ಹೋಯಿತು. ಅನಿಲ ಉಣಿಸಿದ ಕಡೆ? ಮಾಸ್‌ನ ಇಳುವರಿ ಇನ್ನೂ ಕಡಿಮೆ. ಪಕ್ಕದ ಪೊದೆಗಳ ನೆರಳು ದಟ್ಟವಾದದ್ದೇ ಇದಕ್ಕೆ ಕಾರಣವಿರಬೇಕೆಂದು ಅವರು ಬರೆದರು. ಊಟ ಬಡಿಸಿದ್ದು ಮಾಸ್‌ಗೆ, ಉಂಡು ಕೊಬ್ಬಿದ್ದು ನೆರೆಯವರು. ಹಬ್ಬದ ಮಾತೆತ್ತುವವರು ಪಂಕ್ತಿಯಲ್ಲಿ ಇನ್ನಾರು ಕೂತಿದ್ದಾರೆಂದು ನೋಡುವುದೇ ಇಲ್ಲ.

ಒಣಗುವುದು ಮಾಸ್‌ಗೆ ಯಾವಾಗಲೂ ಶಾಪವೆಂದೂ ಅಲ್ಲ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬಿಸಿಲಿಗೆ ಒಣಗುತ್ತ ಅದರ ಗುಂಡಗಿನ ಬೀಜಕ ಕೋಶ ಸೊಂಟ ಕುಗ್ಗಿಸಿಕೊಂಡು ಕೊಳವೆಯಂತಾಗುತ್ತದೆ. ಒಳಗಿನ ಗಾಳಿ ಒತ್ತಡ ತಾಳದೆ ಮುಚ್ಚಳ ಹಾರಿಸುತ್ತದೆ. 2010ರಲ್ಲಿ ಡ್ವೈಟ್ ವಿಟೇಕರ್ ಮತ್ತು ಜೋನ್ ಎಡ್ವರ್ಡ್ಸ್ ಇದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದರು. ಚಿಮ್ಮಿದ ಗಾಳಿ ಉಂಗುರವಾಗಿ ಸುತ್ತುತ್ತ ಬೀಜಕಗಳನ್ನು 10 ಸೆಂಟಿಮೀಟರಿಗೂ ಮೇಲಕ್ಕೆ ಒಯ್ಯುತ್ತದೆ. ಅಲ್ಲಿಂದಾಚೆಗೆ ಬೀಸುಗಾಳಿಯ ಪಾಲು. ಬೇರಿಲ್ಲದ ಒಂದು ಗಿಡ್ಡ ಗಿಡದ ಠೀವಿ ನೋಡಿ! ಆದರೆ ಹಾರಿದ ಬೀಜಕ ಬೀಳುವ ನೆಲ ಒದ್ದೆಯಿರಬೇಕಲ್ಲ.

ಪೀಟ್ ನೆಲ ಭೂಮಿಯ ನೆಲಭಾಗದ ಶೇ 3ರಷ್ಟಿದ್ದರೂ ಮಣ್ಣಿನಲ್ಲಿರುವ ಇಂಗಾಲದ ಸುಮಾರು ಮೂರನೇ ಒಂದು ಪಾಲು ಅದರಲ್ಲಿದೆ. ಉತ್ತರದ ಜೌಗುಗಳಲ್ಲಿ ಅದನ್ನು ಕೂಡಿಟ್ಟದ್ದರಲ್ಲಿ ದೊಡ್ಡ ಪಾಲು ಈ ಮಾಸ್‌ನದು. ಹೀಗಿರುವಾಗ ಮೆಣಸಿನ ಸಸಿ ಎಬ್ಬಿಸಲು ಹೊರದೇಶದ ಪೀಟ್ ಚೀಲವೇ ಆಗಬೇಕೆನ್ನುವವರ ಜತೆ ನನಗೆ ಇನ್ನೊಂದು ಜಗಳವಿದೆ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರು ತೆಗೆದ ಮೇಲೆ ಪುಡಿ ರಾಶಿ ಬೀಳುತ್ತದೆ. ಸಸಿಗೆ ಅದು ಧಾರಾಳ ಸಾಕು. ಉಪ್ಪಿನಂಶ ಇಳಿಯುವವರೆಗೆ ತೊಳೆಯಬೇಕು, ಅಷ್ಟೇ. ಆರ್ಕಿಡ್‌ಗೆ ಮಾತ್ರ ಬರೀ ಪುಡಿ ಹಾಕಬೇಡಿ, ಬೇರು ಕೊಳೆಯುತ್ತದೆ. ತೆಂಗಿನಕಾಯಿ ಸಿಪ್ಪೆಯನ್ನು ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿ, ನೀರಿನ ಕಂದು ಬಣ್ಣ ತಿಳಿಯಾಗುವವರೆಗೆ ನೆನೆಸಿ ಬಸಿದು, ಇದ್ದಿಲ ಚೂರಿನೊಂದಿಗೆ ಬೆರೆಸಿ. ಮರದ ತೊಗಟೆಗೆ ಅಂಟಿಕೊಂಡು ಹೂಬಿಡುವ ನಮ್ಮ ಸೀತಾಳೆ ದಂಡೆಗೆ ಅದೂ ಬೇಡ.